ಪಾಲಿಷ್ ಆಮೇಲಾಗಲಿ, ಮೊದಲು ಹಾಡಲಿ

ಊಟಿಯಲ್ಲಿ ಕೊಬ್ಬರಿ ಎಣ್ಣೆ ವರ್ಷದ ಬಹುಪಾಲು ಬಾಟಲಿಯಲ್ಲೇ ಗಟ್ಟಿಯಾಗಿರುತ್ತದೆ. ಉಷ್ಣಾಂಶ 24 ಡಿಗ್ರಿಗಿಂತ ಕೆಳಗಿಳಿದರೆ ಅದು ಹೆಪ್ಪುಗಟ್ಟಲು ಶುರು. ನಮ್ಮೂರಲ್ಲಿ ಅಷ್ಟು ಬಿಸಿ ಕಾಣಬೇಕಾದರೆ ಬೇಸಿಗೆಯ ಮಧ್ಯಾಹ್ನವೇ ಆಗಬೇಕು. ತಲೆಗೆ ಹಚ್ಚುವವರು ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಕರಗಿಸಿಕೊಳ್ಳುತ್ತಾರೆ. ರೆಕಾರ್ಡ್ ಪ್ಲೇಯರಿನ ಮೋಟರಿಗೆ ಹಾಕಿದವರಿಗೆ ಆ ದಾರಿ ಇಲ್ಲ. ದುರಸ್ತಿಗೆಂದು ನನ್ನ ಮನೆಗೆ ಬರುವ ಹಳೆಯ ಪೆಟ್ಟಿಗೆಗಳನ್ನು ಬಿಚ್ಚಿದಾಗ, ಯಾವುದೋ ಕಾಲದಲ್ಲಿ ಯಾರೋ ಹಿರಿಯರು ಪ್ರೀತಿಯಿಂದ ಬಿಟ್ಟ ಕೊಬ್ಬರಿ ಎಣ್ಣೆ ಮೋಟರಿನ ಅಕ್ಷದ ಸುತ್ತ ಹಳದಿ ಮೇಣವಾಗಿ ಕೂತಿರುವುದು ಕಾಣುತ್ತದೆ. 'ಮೈಸೂರಲ್ಲಿ ಇದ್ದಾಗ ಚೆನ್ನಾಗಿ ಓಡ್ತಿತ್ತು, ಇಲ್ಲಿಗೆ ತಂದ ಮೇಲೆ ಏನಾಯ್ತೋ' ಎನ್ನುತ್ತಾರೆ ಮನೆಯವರು. ಆಗಿದ್ದು ಇಷ್ಟೇ: ಬೆಟ್ಟ ಹತ್ತಿದ ಮೇಲೆ ಎಣ್ಣೆ ಗಟ್ಟಿಯಾಯಿತು, ಮೋಟರ್ ತಿಣುಕಿತು, ಪೆಟ್ಟಿಗೆ ಅಟ್ಟ ಸೇರಿತು.

ಇಂಥ ಪೆಟ್ಟಿಗೆಯನ್ನು ಹೊತ್ತು ತರುವವರ ಮೊದಲ ಪ್ರಶ್ನೆ ಎಣ್ಣೆಯ ಬಗ್ಗೆ ಇರುವುದಿಲ್ಲ. 'ಮರಕ್ಕೆ ಪಾಲಿಷ್ ಎಷ್ಟಾಗುತ್ತೆ ಸಾರ್?' ಎಂದೇ ಕೇಳುತ್ತಾರೆ. ಹೊರಗಿನ ತೇಗಕ್ಕೆ ಹೊಳಪು, ಹಿತ್ತಾಳೆಯ ಅಕ್ಷರಕ್ಕೆ ಬ್ರಾಸೊ, ಸ್ಪೀಕರಿನ ಮುಂದೆ ಹೊಸ ಬಟ್ಟೆ. ಒಳಗೆ ಮೋಟರ್ ಹಾಗೇ ಅಂಟಿಕೊಂಡಿರುತ್ತದೆ. ನೀಲಗಿರಿಯಲ್ಲಿ ಈಚೆಗೆ 'ವಿಂಟೇಜ್' ಎನ್ನುವ ಹೆಸರಿನಲ್ಲಿ ನಡೆಯುವುದರ ಮುಕ್ಕಾಲು ಪಾಲು ಇದೇ. ನನ್ನ ತಕರಾರು ಇರುವುದೂ ಇದಕ್ಕೇ. ಹಾಡುವುದಕ್ಕೆಂದು ಮಾಡಿದ ಯಂತ್ರವನ್ನು ಮೊದಲು ಹಾಡಿಸಬೇಕು. ಹಾಡಿಸುವುದು ಮನೆಯಲ್ಲೇ ಆಗುವ ಕೆಲಸ. ಪಾಲಿಷ್ ಮಾಡುವವರಿಗೆ ಕೊಡುವ ದುಡ್ಡಿನ ಅರ್ಧವೂ ಅದಕ್ಕೆ ಬೇಡ.

ಇದನ್ನು ಹೇಳಲು ನನಗೇನು ಅಧಿಕಾರ ಎಂದು ಕೇಳಬಹುದು. ನಾನು ಇಂದುನಗರದ ಫಿಲ್ಮ್ ಕಾರ್ಖಾನೆಯಲ್ಲಿ ಮೆಂಟೆನೆನ್ಸ್ ಫಿಟ್ಟರ್ ಆಗಿದ್ದವನು. ಹಿಂದುಸ್ತಾನ್ ಫೋಟೋ ಫಿಲ್ಮ್ಸ್ 1960ರಲ್ಲಿ ಸ್ಥಾಪನೆಯಾಗಿ 1967ರಲ್ಲಿ ಉತ್ಪಾದನೆ ಶುರುಮಾಡಿತು. 'ಇಂದು' ಹೆಸರಿನ ಕಪ್ಪುಬಿಳುಪು ಫಿಲ್ಮು, ಆಸ್ಪತ್ರೆಗಳ ಎಕ್ಸ್‌ರೇ ಫಿಲ್ಮು ಇಲ್ಲಿಂದಲೇ ದೇಶಕ್ಕೆಲ್ಲ ಹೋಗುತ್ತಿದ್ದವು. ಫಿಲ್ಮಿಗೆ ಲೇಪ ಹಚ್ಚುವ ಕಡೆ ಬೆಳಕು ಸುಳಿಯುವಂತಿಲ್ಲ. ಅಲ್ಲಿ ಕೆಲಸ ಮಾಡಿದವರಿಗೆ ನಟ್ಟು, ವಾಷರು, ಸರ್ಕ್ಲಿಪ್ಪುಗಳನ್ನು ಬೆರಳಿನಿಂದಲೇ ಗುರುತಿಸುವ ಅಭ್ಯಾಸ ಬಂದುಬಿಡುತ್ತದೆ. ಕಾರ್ಖಾನೆ ಮುಚ್ಚಿತು, ಅಭ್ಯಾಸ ಹೋಗಲಿಲ್ಲ. ಗುಂಡ್ಲುಪೇಟೆ ಕಡೆಯಿಂದ ಬೆಟ್ಟ ಹತ್ತಿ ಬಂದ ನಮ್ಮಂಥ ಎಷ್ಟೋ ಮನೆಗಳಲ್ಲಿ ಪಿ. ಕಾಳಿಂಗರಾಯರ ಪ್ಲೇಟು, ಬಿ.ಎಸ್. ರಾಜಯ್ಯಂಗಾರರ 'ಜಗದೋದ್ಧಾರನ', 'ಬಂಗಾರದ ಮನುಷ್ಯ'ದ ಹಾಡುಗಳು ಇದ್ದೇ ಇದ್ದವು. ಹಾಡಿಸುವ ಯಂತ್ರ ಕೆಟ್ಟಾಗ ಅದನ್ನು ಬಿಚ್ಚುವ ಕೆಲಸ ತಾನಾಗಿಯೇ ನನ್ನ ಪಾಲಿಗೆ ಬಿತ್ತು.

'ಹಳೆಯದೆಲ್ಲ ಚಿನ್ನ' ಎನ್ನುವವರ ಸಾಲಿಗೆ ಮಾತ್ರ ನನ್ನನ್ನು ಸೇರಿಸಬೇಡಿ. ಪ್ಲೇಟಿನ ದನಿ ಮೊಬೈಲಿನ ದನಿಗಿಂತ ಮೇಲು ಎಂದು ನಾನು ವಾದಿಸುವುದಿಲ್ಲ. ಕರಕರ ಸದ್ದು ಇದ್ದೇ ಇರುತ್ತದೆ, ಒಂದು ಮಗ್ಗುಲು ಇಪ್ಪತ್ತು ನಿಮಿಷಕ್ಕೆ ಮುಗಿಯುತ್ತದೆ, ಎದ್ದು ಹೋಗಿ ತಿರುಗಿಸಬೇಕು. ಕೆ.ಎಸ್. ನಿಸಾರ್ ಅಹಮದ್ ಅವರ 'ನಿತ್ಯೋತ್ಸವ' 1978ರಲ್ಲಿ ಕ್ಯಾಸೆಟ್ಟಾಗಿ ಬಂದಾಗ ಕನ್ನಡಿಗರು ಸಂತೋಷದಿಂದಲೇ ಪ್ಲೇಟು ಬಿಟ್ಟು ಕ್ಯಾಸೆಟ್ಟಿಗೆ ಹೋದರು. ಅದರಲ್ಲಿ ತಪ್ಪೇನೂ ಇಲ್ಲ. ನನ್ನ ಆಸಕ್ತಿ ಬೇರೆ ಕಡೆ ಇದೆ. ಕಣ್ಣಿಗೆ ಕಾಣುವ ಹಾಗೆ ಕೆಲಸ ಮಾಡುವ ಯಂತ್ರ ಈಗ ಮನೆಯಲ್ಲಿ ಉಳಿದಿರುವುದು ಬಹಳ ಕಡಿಮೆ. ಹೊಲಿಗೆ ಮಿಷನ್ನು ಒಂದು, ಇದು ಇನ್ನೊಂದು.

ಒಳಗೆ ಏನಿದೆ ನೋಡಿ. ಗ್ಯಾರಾರ್ಡ್ ಎನ್ನುವ ಹೆಸರನ್ನು ಹಳಬರು ಬಲ್ಲರು. ಇಂಗ್ಲೆಂಡಿನ ರಾಜಮನೆತನಕ್ಕೆ ಒಡವೆ ಮಾಡುತ್ತಿದ್ದ ಕಂಪನಿಯವರೇ 1915ರಲ್ಲಿ ಶುರುಮಾಡಿದ ಎಂಜಿನಿಯರಿಂಗ್ ಸಂಸ್ಥೆ ಅದು. ಅವರ ಸ್ವಿಂಡನ್ ಕಾರ್ಖಾನೆಯ ಚೇಂಜರುಗಳು ಇಲ್ಲಿನ ಎಸ್ಟೇಟ್ ಬಂಗಲೆಗಳಿಗೂ ಬಂದವು. ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸಿಟ್ಟರೆ ಒಂದಾದ ಮೇಲೆ ಒಂದು ತಾನೇ ಕೆಳಗೆ ಬಿದ್ದು ಹಾಡುವ ಮಾದರಿ. ಅದರ ತಟ್ಟೆಯನ್ನು ಮೇಲೆತ್ತಿದರೆ ಕೆಳಗೆ ಕಾಣುವ ಮುಖ್ಯ ಸಾಮಾನು ಮೂರು: ಮೋಟರಿನ ತುದಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಡೆದ ಸಣ್ಣ ಪುಲ್ಲಿ, ಅದಕ್ಕೆ ಒತ್ತಿಕೊಳ್ಳುವ ರಬ್ಬರ್ ಚಕ್ರ, ಆ ಚಕ್ರ ತಾಗಿ ತಿರುಗಿಸುವ ತಟ್ಟೆಯ ಒಳ ಅಂಚು. ಪುಲ್ಲಿಯ ಯಾವ ಮೆಟ್ಟಿಲಿಗೆ ಚಕ್ರ ತಾಗುತ್ತದೆ ಎನ್ನುವುದರ ಮೇಲೆ ವೇಗ ನಿರ್ಧಾರವಾಗುತ್ತದೆ. ದಪ್ಪ ಮೆಟ್ಟಿಲಿಗೆ 78, ಅದಕ್ಕಿಂತ ತೆಳುವಿಗೆ 45, ಇನ್ನೂ ತೆಳುವಿಗೆ 33⅓. ಹತ್ತನೇ ಕ್ಲಾಸಿನ ಹುಡುಗನಿಗೆ ಇದನ್ನು ಬಾಯಲ್ಲಿ ಹೇಳಬೇಕಾಗಿಯೇ ಇಲ್ಲ, ಒಮ್ಮೆ ಬೆರಳಿನಿಂದ ತಿರುಗಿಸಿ ತೋರಿಸಿದರೆ ಸಾಕು.

ಕೆಡುವುದೂ ಈ ಮೂರರ ಸುತ್ತಲೇ. ಕಾರ್ಖಾನೆಯಲ್ಲಿ ಹಾಕಿದ ಗ್ರೀಸು ನಲವತ್ತು ಐವತ್ತು ವರ್ಷಕ್ಕೆ ಅಂಟಾಗಿ, ಆಮೇಲೆ ಗೋಂದಾಗಿ, ಕೊನೆಗೆ ಕಲ್ಲಾಗುತ್ತದೆ. ತಟ್ಟೆ ತಿರುಗಿದರೂ ತೋಳು ತಾನಾಗಿ ಎದ್ದು ಬಂದು ಕೂರುವುದಿಲ್ಲ, ಅರ್ಧಕ್ಕೇ ನಿಂತು ಗೊರಗೊರ ಅನ್ನುತ್ತದೆ. ಅನೇಕರು ಇಲ್ಲಿ ಬಲ ಹಾಕುತ್ತಾರೆ. ಬಲ ಹಾಕಿದರೆ ಎರಕದ ಲೋಹದ ಲಿವರ್ ಮುರಿಯುತ್ತದೆ, ಅದಕ್ಕೆ ಬದಲಿ ಸಿಗುವುದಿಲ್ಲ. ಮೊದಲು ಫೋಟೋ ತೆಗೆದುಕೊಳ್ಳಿ, ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆಯಲ್ಲ. ಆಮೇಲೆ ಒಂದೊಂದೇ ಸರ್ಕ್ಲಿಪ್ ಬಿಚ್ಚಿ, ಹಳೆಯ ಗ್ರೀಸನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ ತೆಗೆದು, ತೆಳ್ಳಗೆ ಹೊಸ ಗ್ರೀಸು ಸವರಿ. ಮೋಟರಿನ ಎರಡೂ ತುದಿಯಲ್ಲಿರುವ ಕಂಚಿನ ಬುಷ್‌ಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿರುತ್ತವೆ, ಅವು ಎಣ್ಣೆ ಹೀರಿಟ್ಟುಕೊಂಡು ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ಬಿಡುತ್ತವೆ. ಅಲ್ಲಿಗೆ ಹೊಲಿಗೆ ಮಿಷನ್ನಿನ ಎಣ್ಣೆ ನಾಲ್ಕು ಹನಿ ಸಾಕು. (ನನ್ನಾಕೆಯ ಮಿಷನ್ನಿನ ಎಣ್ಣೆ ಡಬ್ಬಿ ಯಾವಾಗಲೂ ನನ್ನ ಮೇಜಿನ ಮೇಲೇ ಇರುತ್ತದೆ. 'ರೀ, ಇದನ್ನ ತಂದಿದ್ದು ನನ್ನ ಮಿಷನ್ನಿಗೆ' ಎನ್ನುವ ಮಾತು ನಮ್ಮ ಮನೆಯಲ್ಲಿ ಹೊಸದಲ್ಲ.) ತಟ್ಟೆಯ ಅಕ್ಷದ ತಳದಲ್ಲಿ ಎಷ್ಟೋ ಮಾದರಿಗಳಲ್ಲಿ ಒಂದೇ ಒಂದು ಉಕ್ಕಿನ ಗುಂಡು ಇರುತ್ತದೆ. ಅಕ್ಷ ಎತ್ತುವಾಗ ಅದು ಎಣ್ಣೆಗೆ ಅಂಟಿಕೊಂಡು ಮೇಲೆ ಬಂದು ಟಣ್ಣನೆ ನೆಲಕ್ಕೆ ಬೀಳುತ್ತದೆ. ಕೆಳಗೆ ಬಿಳಿ ಪಂಚೆ ಹಾಸಿಕೊಂಡು ಕೂರುವುದು ವಾಸಿ.

ರಬ್ಬರ್ ಚಕ್ರದ ಕಥೆ ಬೇರೆ. ವರ್ಷಗಟ್ಟಲೆ ಪುಲ್ಲಿಗೆ ಒತ್ತಿಕೊಂಡೇ ನಿಂತರೆ ಒತ್ತಿದ ಜಾಗದಲ್ಲಿ ತಗ್ಗು ಬೀಳುತ್ತದೆ. ಆಮೇಲೆ ತಿರುಗಿಸಿದರೆ ಪ್ರತಿ ಸುತ್ತಿಗೂ ಟಪ್, ಟಪ್ ಎನ್ನುವ ಸದ್ದು ಸ್ಪೀಕರಿನಲ್ಲಿ ಕೇಳುತ್ತದೆ. ಇದೇ ಕಾರಣಕ್ಕೆ ಒಳ್ಳೆಯ ಯಂತ್ರಗಳಲ್ಲಿ ಗುಂಡಿಯನ್ನು 'ಆಫ್' ಮಾಡಿದೊಡನೆ ಚಕ್ರ ಪುಲ್ಲಿಯಿಂದ ಬಿಟ್ಟುಕೊಳ್ಳುವಂತೆ ಮಾಡಿರುತ್ತಾರೆ. ಗುಂಡಿ ತಿರುಗಿಸದೆ ಗೋಡೆಯ ಸ್ವಿಚ್ಚಿನಲ್ಲೇ ಕರೆಂಟು ತೆಗೆಯುವವರ ಮನೆಯ ಚಕ್ರ ಹಾಳಾಗುತ್ತದೆ. ತಗ್ಗು ಸಣ್ಣದಿದ್ದರೆ ಚಕ್ರವನ್ನು ತಿರುಗಿಸುತ್ತ ನಯವಾದ ಎಮರಿ ಕಾಗದ ಹಿಡಿದು ಸಮ ಮಾಡಬಹುದು. ಗಾಜಿನಂತೆ ಹೊಳೆಯುವ ಮೇಲ್ಪದರ ಹೋಗಿ ಮಂಕು ಕಪ್ಪು ಬಂದರೆ ಹಿಡಿತವೂ ಮರಳಿ ಬರುತ್ತದೆ. ಎಲ್ಲ ಮುಗಿದ ಮೇಲೆ ಚಕ್ರದ ಅಂಚು, ಪುಲ್ಲಿ, ತಟ್ಟೆಯ ಒಳ ಅಂಚು ಮೂರರ ಮೇಲೂ ಎಣ್ಣೆಯ ಕುರುಹು ಇರಬಾರದು. ಒಂದು ಹನಿ ಅಲ್ಲಿಗೆ ತಾಗಿದರೂ ಹಾಡು ಜಾರುತ್ತದೆ.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ವಾಲ್ವ್ ಇರುವ ಹಳೆಯ ಪೆಟ್ಟಿಗೆಗಳಲ್ಲಿ ಕೆಲವಕ್ಕೆ ಟ್ರಾನ್ಸ್‌ಫಾರ್ಮರೇ ಇರುವುದಿಲ್ಲ. ಪ್ಲಗ್ಗನ್ನು ತಿರುಗುಮುರುಗು ಹಾಕಿದರೆ ಒಳಗಿನ ಲೋಹದ ಚಾಸಿಗೆ ನೇರ 230 ವೋಲ್ಟ್ ಬರುತ್ತದೆ. ಪ್ಲಗ್ ತೆಗೆದ ಮೇಲೂ ದೊಡ್ಡ ಕೆಪಾಸಿಟರುಗಳು ಸ್ವಲ್ಪ ಹೊತ್ತು ಕರೆಂಟು ಹಿಡಿದಿಟ್ಟುಕೊಂಡಿರುತ್ತವೆ. ಮೋಟರ್, ಗ್ರೀಸು, ರಬ್ಬರ್ ಮನೆಯವರ ಕೆಲಸ. ವಾಲ್ವಿನ ಆಂಪ್ಲಿಫೈಯರನ್ನು ಬಲ್ಲವರಿಗೇ ಬಿಡಿ. ಹಳೆಯ ಕಾಗದದ ಕೆಪಾಸಿಟರುಗಳನ್ನು ಬದಲಿಸದೆ ಕರೆಂಟು ಕೊಡಲೇಬೇಡಿ.

ಬೆಟ್ಟಕ್ಕೇ ವಿಶೇಷವಾದ ಇನ್ನೊಂದು ರೋಗವಿದೆ. ಪೆಟ್ಟಿಗೆ ಯಾವ ಊರಿನಿಂದ ಬಂತು ಎನ್ನುವುದನ್ನು ಬಿಚ್ಚಿದ ಕೂಡಲೇ ಹೆಚ್ಚುಕಡಿಮೆ ಹೇಳಬಹುದು. ಗೂಡಲೂರು, ದೇವಾಲ ಕಡೆಯದಾದರೆ ಸ್ಕ್ರೂಗಳಿಗೆ ತುಕ್ಕು, ಬಟ್ಟೆಗೆ ಬೂಸಲು, ಪ್ಲೇಟಿನ ಗೆರೆಗಳಲ್ಲಿ ಬಿಳಿ ಚುಕ್ಕೆ. ಮುಂಗಾರು ಮಳೆ ಅಲ್ಲಿ ತಿಂಗಳುಗಟ್ಟಲೆ ಬಿಡುವುದಿಲ್ಲ. ಮಸಿನಗುಡಿಯದಾದರೆ ಒಳಗೆಲ್ಲ ಕೆಂಧೂಳು, ಒಣಗಿ ಬಿರುಕುಬಿಟ್ಟ ರಬ್ಬರ್. ಬೆಟ್ಟದ ಮರೆಯಲ್ಲಿರುವ ಆ ಊರಿಗೆ ಅದೇ ಮುಂಗಾರು ಅಷ್ಟಾಗಿ ಬರುವುದಿಲ್ಲ. ಒಂದೇ ಜಿಲ್ಲೆ, ನಡುವೆ ಕೆಲವೇ ಮೈಲಿ. ಊಟಿಗೆ ಸಮೀಪದ ಅವಲಾಂಚಿಯಲ್ಲಿ 2019ರ ಆಗಸ್ಟ್ 8ರಂದು ಒಂದೇ ದಿನಕ್ಕೆ 82 ಸೆಂಟಿಮೀಟರ್ ಮಳೆ ಸುರಿದದ್ದು ಓದುಗರಿಗೆ ನೆನಪಿರಬಹುದು. ಅಂಥ ಊರುಗಳ ಗಾಳಿಯಲ್ಲಿ ರೆಕಾರ್ಡ್ ಪ್ಲೇಯರಿನ ಒಂದು ಭಾಗ ಬದುಕುಳಿಯುವುದೇ ಇಲ್ಲ.

ಆ ಭಾಗ ಕಾರ್ಟ್ರಿಜ್, ಅಂದರೆ ಮುಳ್ಳನ್ನು ಹಿಡಿದಿರುವ ಬೆರಳ ತುದಿಯಷ್ಟು ಪೆಟ್ಟಿಗೆ. 1950, 60ರ ದಶಕದ ಅಗ್ಗದ ಪ್ಲೇಯರುಗಳಲ್ಲಿ ಅದರೊಳಗೆ ರೋಷೆಲ್ ಸಾಲ್ಟ್ ಎನ್ನುವ ಹರಳು ಇರುತ್ತಿತ್ತು. ಅದನ್ನು ಬಗ್ಗಿಸಿದರೆ ವಿದ್ಯುತ್ ಹುಟ್ಟುತ್ತದೆ. ಪ್ಲೇಟಿನ ಗೆರೆ ಮುಳ್ಳನ್ನು ಅಲುಗಿಸುತ್ತದೆ, ಮುಳ್ಳು ಹರಳನ್ನು ಬಗ್ಗಿಸುತ್ತದೆ, ಹಾಡು ಬರುತ್ತದೆ. ಬಹಳ ಜಾಣ ಉಪಾಯ. ಆದರೆ ಅದು ಹೆಸರಿಗೆ ತಕ್ಕಂತೆ ಉಪ್ಪೇ. ತೇವ ತಾಗಿದರೆ ಕರಗುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಡಬ್ಬಿಯಲ್ಲಿ ಏನಾಗುತ್ತದೋ ಅದೇ ಅಲ್ಲೂ ಆಗುತ್ತದೆ. ಮೋಟರ್ ಓಡುತ್ತಿದ್ದು, ಮುಳ್ಳು ಸರಿಯಿದ್ದು, ಆದರೂ ದನಿ ಗುಹೆಯೊಳಗಿಂದ ಬಂದಂತಿದ್ದರೆ ಹರಳು ಹೋಗಿದೆ ಎಂದೇ ತಿಳಿಯಿರಿ. ಅದನ್ನು ಸರಿಮಾಡಲು ಆಗುವುದಿಲ್ಲ, ಬದಲಿಸಬೇಕು. ಅದರ ಜಾಗದಲ್ಲಿ ಸೆರಾಮಿಕ್ ಕಾರ್ಟ್ರಿಜ್ ಕೂರುತ್ತದೆ. ಅದಕ್ಕೆ ತೇವದ ಭಯವಿಲ್ಲ.

ಇಲ್ಲಿ ನನಗೂ ಸಂಗ್ರಹಕಾರರಿಗೂ ಜಗಳ. ಎಲ್ಲವೂ ಮೂಲದ್ದೇ ಇರಬೇಕು, ಕಾರ್ಟ್ರಿಜ್ ಬದಲಿಸಿದರೆ ಬೆಲೆ ಹೋಗುತ್ತದೆ ಎನ್ನುತ್ತಾರೆ ಅವರು. ಕರಗಿದ ಉಪ್ಪನ್ನು ಕಾಪಾಡಿ ಏನು ಮಾಡುವುದು? ಬದಲಿಸಿ, ಹಳೆಯದನ್ನು ಒಂದು ಕವರಿಗೆ ಹಾಕಿ, ಯಾವ ವರ್ಷ ಏನು ಬದಲಿಸಿದೆ ಎಂದು ಚೀಟಿ ಬರೆದು ಪೆಟ್ಟಿಗೆಯ ಒಳಗೇ ಇಡಿ. ಮುಂದೆ ಯಾರಿಗಾದರೂ ಮೂಲದ್ದೇ ಬೇಕೆನಿಸಿದರೆ ಅಲ್ಲೇ ಇದೆ. ನಮ್ಮ ಬೆಟ್ಟದ ರೈಲಿನವರು ಮಾಡಿದ್ದೂ ಇದನ್ನೇ. ಸ್ವಿಟ್ಜರ್ಲೆಂಡಿನಿಂದ ಬಂದ ಎಕ್ಸ್ ಕ್ಲಾಸ್ ಉಗಿ ಎಂಜಿನ್ನುಗಳು ಸವೆದಾಗ ತಿರುಚ್ಚಿಯ ಪೊನ್ಮಲೈ ಕಾರ್ಯಾಗಾರದವರು ಅದೇ ಮಾದರಿಯಲ್ಲಿ ಹೊಸ ಎಂಜಿನ್ನನ್ನೇ ಕಟ್ಟಿಕೊಟ್ಟರು. 2005ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದು ಓಡುವ ರೈಲು. ಕಟ್ಟೆಯ ಮೇಲೆ ಬಣ್ಣ ಬಳಿದು ನಿಲ್ಲಿಸಿದ ಎಂಜಿನ್ನಿನ ಮುಂದೆ ಒಂದು ಫೋಟೋ ತೆಗೆದುಕೊಂಡು ಜನ ಹೊರಟುಹೋಗುತ್ತಾರೆ. ಓಡುವ ಎಂಜಿನ್ನಿಗಾದರೋ ಟಿಕೆಟ್ಟು ಸಿಗುವುದೇ ಕಷ್ಟ.

ಇನ್ನು ವೇಗದ ವಿಷಯ. ಸಿಂಗಾರದ ಪೈಕಾರಾ ವಿದ್ಯುದಾಗಾರ 1932ರಲ್ಲಿ ಶುರುವಾಯಿತು. ಈ ಬೆಟ್ಟದ ನೀರು ಕೆಳಗಿಳಿದು ಕೊಯಮತ್ತೂರಿನ ಮಿಲ್ಲುಗಳನ್ನು ತಿರುಗಿಸಿತು, ನಮ್ಮ ಪ್ಲೇಟುಗಳನ್ನೂ ತಿರುಗಿಸಿತು. ಹಳೆಯ ಪ್ಲೇಯರಿನ ಮೋಟರ್ ಕರೆಂಟಿನ ಆವರ್ತನಕ್ಕೆ ಕಟ್ಟುಬಿದ್ದದ್ದು. ಸೆಕೆಂಡಿಗೆ 50 ಆವರ್ತ ಎಂದು ಲೆಕ್ಕ ಹಾಕಿಯೇ ಪುಲ್ಲಿ ಕಡೆದಿರುತ್ತಾರೆ. ಅಮೆರಿಕದಿಂದ ನೆಂಟರು ತಂದ ಪ್ಲೇಯರ್ ಇಲ್ಲಿ ಸೊರಗುವುದು ಇದಕ್ಕೇ. ಅಲ್ಲಿನ ಕರೆಂಟು 60 ಆವರ್ತದ್ದು. ಟ್ರಾನ್ಸ್‌ಫಾರ್ಮರ್ ಹಾಕಿ ವೋಲ್ಟೇಜ್ ಇಳಿಸಿದರೂ ಹಾಡು ಆರರಲ್ಲೊಂದು ಪಾಲು ನಿಧಾನವಾಗುತ್ತದೆ, ಪುಲ್ಲಿಯನ್ನೇ ಬದಲಿಸಬೇಕು. 1990ರ ದಶಕದಲ್ಲಿ ದಕ್ಷಿಣದ ಗ್ರಿಡ್ಡಿನ ಆವರ್ತನ 48ರ ಸುತ್ತಮುತ್ತ ಕುಸಿಯುತ್ತಿದ್ದ ಕಾಲವೊಂದಿತ್ತು. ಹಾಗೆ ಆದಾಗ ಹಾಡು ನೂರಕ್ಕೆ ನಾಲ್ಕರಷ್ಟು ನಿಧಾನವಾಗಿ, ಶ್ರುತಿ ಮುಕ್ಕಾಲು ಸ್ವರಸ್ಥಾನ ಕೆಳಗಿಳಿಯುತ್ತದೆ. ಸಂಜೆ ಎಲ್ಲರ ಮನೆಯ ದೀಪ ಹತ್ತಿದಾಗ ಕಾಳಿಂಗರಾಯರ ಕಂಠ ದಪ್ಪವಾಗುವುದು ಅವರ ತಪ್ಪಲ್ಲ. ಈಗ ಗ್ರಿಡ್ಡನ್ನು 49.90ರಿಂದ 50.05ರ ನಡುವೆ ಹಿಡಿದಿಡಬೇಕೆಂಬ ನಿಯಮವಿದೆ. ಹಳೆಯ ಪ್ಲೇಯರುಗಳಿಗೆ ಇದಕ್ಕಿಂತ ಒಳ್ಳೆಯ ಕಾಲ ಬಂದಿರಲಿಲ್ಲ ಎನ್ನಬೇಕು.

ವೇಗ ಅಳೆಯಲು ಒಂದು ಕಾಗದದ ಬಿಲ್ಲೆ ಸಾಕು. ಸುತ್ತಲೂ ಸಮಾನ ಅಂತರದಲ್ಲಿ 180 ಕಪ್ಪು ಗೆರೆ ಇರುವ ಬಿಲ್ಲೆಯನ್ನು ತಟ್ಟೆಯ ಮೇಲಿಟ್ಟು ಹಳೆಯ ಫಿಲಮೆಂಟ್ ಬಲ್ಬಿನ ಅಥವಾ ನಿಯಾನ್ ದೀಪದ ಬೆಳಕಿನಲ್ಲಿ ನೋಡಬೇಕು. ನಮ್ಮ ಕರೆಂಟಿನಲ್ಲಿ ಇವು ಸೆಕೆಂಡಿಗೆ 100 ಸಲ ಮಿನುಗುತ್ತವೆ. ವೇಗ ಸರಿಯಾಗಿ 33⅓ ಇದ್ದರೆ ಗೆರೆಗಳು ನಿಂತ ಹಾಗೆ ಕಾಣುತ್ತವೆ, ಹಿಂದೆ ಸರಿದರೆ ನಿಧಾನ, ಮುಂದೆ ಸರಿದರೆ ಜೋರು. ಒಳ್ಳೆಯ ಎಲ್‌ಇಡಿ ಬಲ್ಬಿನ ಕೆಳಗೆ ಈ ಆಟ ನಡೆಯುವುದಿಲ್ಲ, ಅದು ಮಿನುಗುವುದೇ ಇಲ್ಲವಲ್ಲ.

ಪ್ಲೇಟು ತೊಳೆಯುವ ಬಗ್ಗೆ ನನ್ನ ಹಳೆಯ ಕೆಲಸದಿಂದ ಬಂದ ಒಂದು ಉಪಯೋಗವಿದೆ. ಫಿಲ್ಮು ಒಣಗುವಾಗ ನೀರಿನ ಕಲೆ ನಿಲ್ಲದಿರಲೆಂದು ಕೊನೆಯ ತೊಳೆತಕ್ಕೆ 'ವೆಟಿಂಗ್ ಏಜೆಂಟ್' ಎನ್ನುವ ದ್ರವವನ್ನು ಕೆಲವೇ ಹನಿ ಬೆರೆಸುತ್ತಾರೆ. ಅದನ್ನೇ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರಿಗೆ ಬೆರೆಸಿದರೆ ಎಲ್‌ಪಿಯ ಗೆರೆಯ ತಳದವರೆಗೆ ನೀರು ಇಳಿದು ಬೂಸಲು ಬಿಡುತ್ತದೆ. ಗೆರೆಯ ದಿಕ್ಕಿನಲ್ಲೇ ಮೆತ್ತನೆಯ ಬ್ರಷ್ ಆಡಿಸಿ, ನೆರಳಲ್ಲಿ ನಿಲ್ಲಿಸಿ ಒಣಗಿಸಿ. ಆದರೆ 78ರ ಪ್ಲೇಟಿನ ಹತ್ತಿರ ಸ್ಪಿರಿಟ್ಟಾಗಲಿ ಆಲ್ಕೊಹಾಲಾಗಲಿ ತರಬೇಡಿ. ಅದು ಅರಗಿನಿಂದ ಮಾಡಿದ್ದು, ಆಲ್ಕೊಹಾಲಿನಲ್ಲಿ ಕರಗುತ್ತದೆ. ಮರಕ್ಕೆ ಹಚ್ಚುವ ಫ್ರೆಂಚ್ ಪಾಲಿಷ್ ಎಂದರೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಅದೇ ಅರಗು. ಪಾಲಿಷ್ ಹಚ್ಚಿದ ಬಟ್ಟೆಯಲ್ಲೇ ಪ್ಲೇಟನ್ನೂ ಒರೆಸಿದವರನ್ನು ಕಂಡಿದ್ದೇನೆ.

ಮುಳ್ಳಿನ ವಿಷಯಕ್ಕೆ ಬಂದರೆ ಜಿಲ್ಲೆಯ ಒಂದು ವಿನೋದ ಹೇಳಲೇಬೇಕು. ಊಟಿಯಿಂದ ಕೂನೂರಿಗೆ ಹೋಗುವ ದಾರಿಯ ಕೇತಿಯಲ್ಲಿ 1949ರಿಂದ ಸೂಜಿ ಕಾರ್ಖಾನೆಯಿದೆ. ಹೊಲಿಗೆ ಸೂಜಿ, ಹೆಣಿಗೆ ಕಡ್ಡಿ ಅಲ್ಲಿಂದ ಹೊರದೇಶಗಳಿಗೂ ಹೋಗುತ್ತವೆ. ಸೂಜಿಯ ಊರಾದ ನಮ್ಮಲ್ಲಿ ಪ್ಲೇಟಿನ ಮುಳ್ಳು ಮಾತ್ರ ಸಿಗುವುದಿಲ್ಲ. ಬೆಂಗಳೂರಿನ ಎಸ್‌ಪಿ ರೋಡಿಗೋ ಚೆನ್ನೈನ ರಿಚ್ಚಿ ಸ್ಟ್ರೀಟಿಗೋ ಹೋಗಬೇಕು, ಇಲ್ಲವೇ ಕೊರಿಯರಿನಲ್ಲಿ ತರಿಸಬೇಕು. 78ಕ್ಕೂ ಎಲ್‌ಪಿಗೂ ಒಂದೇ ಮುಳ್ಳು ಆಗುವುದಿಲ್ಲ ಎನ್ನುವುದನ್ನು ನೆನಪಿಡಿ. 1948ರಲ್ಲಿ ಬಂದ ಎಲ್‌ಪಿಯ ಗೆರೆ ಬಹಳ ಸಣ್ಣದು, ಅದರ ಮುಳ್ಳಿನ ತುದಿಯ ತ್ರಿಜ್ಯ ಸುಮಾರು 18 ಮೈಕ್ರಾನ್. 78ರದ್ದು ಅದರ ನಾಲ್ಕರಷ್ಟು ದಪ್ಪ. ಹಳೆಯ ಕಾರ್ಟ್ರಿಜ್ಜುಗಳಲ್ಲಿ ಎರಡೂ ಮುಳ್ಳು ಬೆನ್ನಿಗೆ ಬೆನ್ನು ಹಾಕಿ ಕೂತಿರುತ್ತವೆ, ಸಣ್ಣ ಲಿವರ್ ತಿರುಗಿಸಿ ಬೇಕಾದ್ದನ್ನು ಕೆಳಗೆ ತರಬೇಕು. ತೋಳಿನ ಭಾರ ನೋಡಲು ಚಿನ್ನದಂಗಡಿಯವರು ಬಳಸುವ ಪುಟ್ಟ ಡಿಜಿಟಲ್ ತಕ್ಕಡಿ ಸಾಕು. ಸೆರಾಮಿಕ್ ಮುಳ್ಳಿಗೆ ನಾಲ್ಕೈದು ಗ್ರಾಂ ಇದ್ದರೆ ಚೆನ್ನ.

ಇಷ್ಟು ಸಣ್ಣ ಲೆಕ್ಕದ ನಡುವೆ ಪ್ರವಾಸಿಗರಿಗೆ ಮಾರುವ ಹಿತ್ತಾಳೆ ಕೊಂಬಿನ 'ಪುರಾತನ ಗ್ರಾಮಫೋನು'ಗಳನ್ನು ನೋಡಿದರೆ ಮೈ ಉರಿಯುತ್ತದೆ. ಅವುಗಳಲ್ಲಿ ಬಹುಪಾಲು ಈಚೆಗೆ ಜೋಡಿಸಿದವು. ಹಳೆಯ ಸ್ಪ್ರಿಂಗ್ ಮೋಟರ್ ಒಂದಕ್ಕೆ ಹೊಸ ಪೆಟ್ಟಿಗೆ, ಹೊಸ ಕೊಂಬು, ಮೇಲೊಂದು ನಾಯಿಯ ಚಿತ್ರ. ಅವುಗಳ ಸೌಂಡ್ ಬಾಕ್ಸ್ ಪ್ಲೇಟಿನ ಮೇಲೆ ನೂರು ಗ್ರಾಮಿಗೂ ಮಿಕ್ಕು ಭಾರ ಹೇರುತ್ತದೆ. ಕೊಂಡವರು ಮನೆಗೆ ಹೋಗಿ ತಾತನ ಎಲ್‌ಪಿಯನ್ನು ಅದರ ಮೇಲಿಟ್ಟು ಉಕ್ಕಿನ ಪಿನ್ನು ಇಳಿಸುತ್ತಾರೆ. ಒಂದೇ ಸಲಕ್ಕೆ ಪ್ಲೇಟಿನ ಕಥೆ ಮುಗಿಯುತ್ತದೆ.

ನಿಜವಾದ ಹಳೆಯ ಪ್ಲೇಯರುಗಳು ಎಲ್ಲಿಗೆ ಹೋಗುತ್ತಿವೆ ಎಂದರೆ ರೆಸಾರ್ಟುಗಳಿಗೆ. ಬಂಗಲೆ ಖಾಲಿ ಮಾಡುವಾಗ ಪ್ಲೇಯರ್ ಒಬ್ಬರಿಗೆ, ಪ್ಲೇಟುಗಳು ತೂಕದ ಲೆಕ್ಕದಲ್ಲಿ ಇನ್ನೊಬ್ಬರಿಗೆ. ಮಸಿನಗುಡಿ ಕಡೆಯ ರೆಸಾರ್ಟೊಂದರ ಹುಡುಗ ಅಂಥ ಒಂದು ಗ್ಯಾರಾರ್ಡನ್ನು ಜೀಪಿನಲ್ಲಿ ತಂದಿದ್ದ. ಒಳ್ಳೆಯ ಹುಡುಗ, ನಮ್ಮ ಕಡೆಯ ಕನ್ನಡದವನೇ.

'ಓಡೋದೇನೂ ಬೇಡ ಸಾರ್, ಮೇಲಿಂದ ಮಿಂಚಿದ್ರೆ ಸಾಕು. ರಿಸೆಪ್ಷನ್ನಲ್ಲಿ ಇಡ್ತೀವಿ, ಗೆಸ್ಟು ಫೋಟೋ ತೆಗೀತಾರೆ.'

'ಓಡಿದ್ರೆ ಕೂತು ಕೇಳ್ತಾರಪ್ಪ.'

'ಕೇಳೋಕೆ ಬ್ಲೂಟೂತ್ ಇದೆಯಲ್ಲ ಸಾರ್. ಅದನ್ನ ಇದರೊಳಗೇ ಇಟ್ಬಿಡೋಣ ಅಂತ ನಮ್ಮ ಮ್ಯಾನೇಜರ್ ಐಡಿಯಾ.'

ಮೋಟರ್ ತೆಗೆದು, ಆ ಜಾಗದಲ್ಲಿ ಬ್ಲೂಟೂತ್ ಸ್ಪೀಕರ್ ಕೂರಿಸುವುದು! ಒಪ್ಪಲಿಲ್ಲ. ಮೋಟರನ್ನು ತೊಳೆದು ಓಡಿಸಿ ತೋರಿಸಿದೆ, ಹುಡುಗ ಬಗ್ಗಿ ನೋಡಿದ, ಚಕ್ರ ಮೆಟ್ಟಿಲು ಬದಲಿಸುವುದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡ. ರೆಸಾರ್ಟಿನಲ್ಲಿ ಅದು ಈಗ ಹಾಡುತ್ತಿದೆಯೋ ಫೋಟೋಕ್ಕೆ ನಿಂತಿದೆಯೋ ನಾನು ವಿಚಾರಿಸಿಲ್ಲ.

ಹಾಡಿಸುವವರಿಗೂ ನೋಡಲು ಇಡುವವರಿಗೂ ಇರುವ ದೂರವನ್ನು ತಿಳಿಯಲು ಈ ಬೆಟ್ಟದಲ್ಲೇ ಒಂದು ದೊಡ್ಡ ಹೆಸರಿದೆ. ಫರ್ನ್‌ಹಿಲ್ ಮೈಸೂರು ಅರಸರ ಬೇಸಿಗೆಯ ಅರಮನೆಯಾಗಿತ್ತು, ಆಮೇಲೆ ಹೋಟೆಲಾಯಿತು. ಜಯಚಾಮರಾಜ ಒಡೆಯರಿಗೆ ಪ್ಲೇಟಿನ ಹುಚ್ಚು. ಅವರ ಸಂಗ್ರಹದಲ್ಲಿ ಸಾವಿರಾರು ಪ್ಲೇಟುಗಳಿದ್ದವು. ಲಂಡನ್ನಿನಲ್ಲಿ ಹಣವೂ ಆರೋಗ್ಯವೂ ಇಲ್ಲದೆ ಬಳಲುತ್ತಿದ್ದ ರಷ್ಯನ್ ಸಂಗೀತಗಾರ ನಿಕೊಲಾಯ್ ಮೆಟ್ನರ್ ಬರೆದದ್ದನ್ನು ಪ್ಲೇಟಿಗೆ ಹಿಡಿಸಲು ಅವರೇ ದುಡ್ಡು ಕೊಟ್ಟರು. 1947ರಲ್ಲಿ ಮೆಟ್ನರ್ ತಮ್ಮ ಮೂರು ಪಿಯಾನೊ ಕಾನ್ಚೆರ್ಟೊಗಳನ್ನು ಫಿಲ್‌ಹಾರ್ಮೋನಿಯಾ ವಾದ್ಯವೃಂದದ ಜೊತೆ ಎಚ್‌ಎಂವಿಗೆ ನುಡಿಸಿದರು, ಮೂರನೆಯದನ್ನು ಮಹಾರಾಜರಿಗೇ ಅರ್ಪಿಸಿದರು. ರಿಚರ್ಡ್ ಸ್ಟ್ರಾಸ್ ಬರೆದ ಕೊನೆಯ ನಾಲ್ಕು ಹಾಡುಗಳು 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಸಲ ಕೇಳಿಸಿದ್ದಕ್ಕೂ ಅವರ ನೆರವೇ ಕಾರಣ. ಅವರಿಗೂ ಹಿಂದೆ, 1902ರಲ್ಲಿ ಕಲ್ಕತ್ತೆಯಲ್ಲಿ ಭಾರತದ ಮೊದಮೊದಲ ಪ್ಲೇಟುಗಳಿಗೆ ಹಾಡಿದ ಗೌಹರ್ ಜಾನ್ ತಮ್ಮ ಕೊನೆಗಾಲಕ್ಕೆ ನಾಲ್ವಡಿಯವರ ಆಶ್ರಯಕ್ಕೆಂದು 1928ರಲ್ಲಿ ಮೈಸೂರಿಗೆ ಬಂದು 1930ರ ಜನವರಿಯಲ್ಲಿ ಅಲ್ಲೇ ತೀರಿಕೊಂಡರು. ಮೈಸೂರು ಸೀಮೆಗೂ ಪ್ಲೇಟಿಗೂ ಇಷ್ಟು ಹಳೆಯ ನಂಟು. ಅದನ್ನು ಕಟ್ಟಿದವರೆಲ್ಲ ಕೇಳಿದವರು, ಕೇಳಿಸಿದವರು.

ಸರ್ಕಾರವನ್ನೂ ಒಂದು ಮಾತು ಕೇಳಬೇಕು. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 'ದುರಸ್ತಿಯ ಹಕ್ಕು' ಕುರಿತು ಸಮಿತಿ ಮಾಡಿತು, ಅದೇ ಡಿಸೆಂಬರಿನಲ್ಲಿ ಪೋರ್ಟಲ್ ತೆರೆಯಿತು. ಕೃಷಿ ಯಂತ್ರ, ಮೊಬೈಲು, ಗೃಹಬಳಕೆಯ ವಸ್ತು, ವಾಹನ ಎಲ್ಲಕ್ಕೂ ಬಿಡಿಭಾಗ ಮತ್ತು ದುರಸ್ತಿ ಮಾಹಿತಿ ಸಿಗಬೇಕು ಎನ್ನುವುದು ಆಶಯ. ಒಳ್ಳೆಯದೇ. ಆದರೆ ಮಾಹಿತಿ ಹೇಗಿರಬೇಕು ಎನ್ನುವುದಕ್ಕೆ ಹಳೆಯ ಗ್ಯಾರಾರ್ಡ್ ಸರ್ವಿಸ್ ಮ್ಯಾನುವಲ್ಲನ್ನು ಮೇಜಿನ ಮೇಲಿಟ್ಟುಕೊಂಡು ನೋಡಲಿ. ಪ್ರತಿಯೊಂದು ಸ್ಕ್ರೂ, ಸ್ಪ್ರಿಂಗು, ವಾಷರನ್ನೂ ಬಿಡಿಬಿಡಿಯಾಗಿ ಗಾಳಿಯಲ್ಲಿ ತೇಲಿಸಿದ ಹಾಗೆ ಚಿತ್ರ ಬರೆದು, ಪಕ್ಕದಲ್ಲಿ ಭಾಗದ ಸಂಖ್ಯೆ, ಎಲ್ಲಿಗೆ ಎಣ್ಣೆ, ಎಲ್ಲಿಗೆ ಗ್ರೀಸು ಎನ್ನುವ ಬಾಣದ ಗುರುತು. ಇಂಗ್ಲಿಷ್ ಬಾರದವನೂ ಅದನ್ನು ನೋಡಿ ಜೋಡಿಸಬಹುದು. ಆ ಕಂಪನಿಯ ಹೆಸರು 1979ರಲ್ಲೇ ಬ್ರೆಜಿಲಿನವರ ಪಾಲಾಯಿತು, ಯಂತ್ರ ಈಗಲೂ ರಿಪೇರಿಯಾಗುತ್ತಿದೆ. ಇವತ್ತು ಕೊಂಡ ಬ್ಲೂಟೂತ್ ಸ್ಪೀಕರಿನ ಬ್ಯಾಟರಿ ಮೂರು ವರ್ಷಕ್ಕೆ ಹೋದರೆ, ಅಂಟು ಹಾಕಿ ಮುಚ್ಚಿದ ಅದನ್ನು ತೆರೆಯುವ ದಾರಿಯೇ ಇರುವುದಿಲ್ಲ. ಜಿಲ್ಲೆಯ ಐಟಿಐಗಳಲ್ಲಿ ಫಿಟ್ಟರ್, ಎಲೆಕ್ಟ್ರಿಷಿಯನ್ ಕಲಿಯುವ ಮಕ್ಕಳ ಮೇಜಿಗೆ ಇಂಥ ಒಂದು ಸತ್ತ ಚೇಂಜರ್ ಹಾಕಿ ನೋಡಿ. ಮೋಟರು, ಕ್ಯಾಮು, ಲಿವರು, ಘರ್ಷಣೆ, ಆವರ್ತನ ಎಲ್ಲ ಪಾಠವೂ ಒಂದೇ ತಟ್ಟೆಯ ಕೆಳಗಿದೆ. ಓಡಿತೋ ಇಲ್ಲವೋ ಎನ್ನುವುದಕ್ಕೆ ಪರೀಕ್ಷಕರೂ ಬೇಡ.

ದುರಸ್ತಿ ಮಾಡುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ, ಇರಬೇಕೆಂಬ ಕಟ್ಟುಪಾಡೂ ಇಲ್ಲ. ಮಾರುವುದಿದ್ದರೆ ಮಾರಿ. ಆದರೆ ಕೊಡುವ ಮೊದಲು ತೋಳನ್ನು ಅದರ ಆಸರೆಗೆ ಸಡಿಲವಾಗಿ ದಾರದಿಂದ ಕಟ್ಟಿ, ಮುಳ್ಳಿಗೆ ಕಾಗದದ ಕವಚ ಮಾಡಿ. ತಟ್ಟೆಯನ್ನು ತೆಗೆದು ಬೇರೆ ಸುತ್ತಿಕೊಡಿ, ಘಾಟಿಯ ತಿರುವುಗಳಲ್ಲಿ ಅದು ಕುಲುಕಿ ಅಕ್ಷವನ್ನು ಬಗ್ಗಿಸುತ್ತದೆ. ಮುಖ್ಯವಾಗಿ ಗುಂಡಿಯನ್ನು 'ಆಫ್' ಗುರುತಿಗೆ ತಂದು ರಬ್ಬರ್ ಚಕ್ರ ಪುಲ್ಲಿಯಿಂದ ಬಿಟ್ಟಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿ. ಕೊಂಡವರು ಹತ್ತು ವರ್ಷ ಅದರ ಮೇಲೆ ಹೂದಾನಿ ಇಟ್ಟುಕೊಂಡರೂ ಪರವಾಗಿಲ್ಲ, ಚಕ್ರಕ್ಕೆ ತಗ್ಗು ಬೀಳದಿದ್ದರೆ ಅವರ ಮಗಳೋ ಮೊಮ್ಮಗನೋ ಅದನ್ನು ಒಂದು ಮಧ್ಯಾಹ್ನದಲ್ಲಿ ಓಡಿಸಬಹುದು.